ಇಪ್ಪತ್ತು ವರ್ಷದ ಗೃಹಸಾಲ: ಕಾರವಾರ, ಶಿರಸಿ ಕಡೆಯವರು ಯಾವ ಫ್ಲೋಟಿಂಗ್ ಬಡ್ಡಿ ಆರಿಸಬೇಕು?

ಗೃಹಸಾಲ ಕೇಳಲು ಹೋದವರ ಮೊದಲ ಪ್ರಶ್ನೆ ‘ಈಗ ರೇಟು ಎಷ್ಟು?’ ಎಂಬುದು. ಫ್ಲೋಟಿಂಗ್ ಸಾಲದಲ್ಲಿ, ಅಂದರೆ ಬಡ್ಡಿ ಆಗಾಗ ಬದಲಾಗುವ ಸಾಲದಲ್ಲಿ, ಅದಕ್ಕೆ ಸಿಗುವ ಉತ್ತರ ಮೂರು ತಿಂಗಳಲ್ಲಿ ಹಳತಾಗಬಹುದು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುವ ದರಕ್ಕೆ ರೆಪೊ ಎನ್ನುತ್ತಾರೆ. ‘ರೆಪೊ ಮೇಲೆ ಎಷ್ಟು ಹಾಕುತ್ತೀರಿ, ಅದನ್ನು ಯಾವಾಗ ಬದಲಿಸುತ್ತೀರಿ?’ ಎಂದು ಕೇಳಿ ನೋಡಿ. ಆ ಉತ್ತರದ ಜೊತೆ ನೀವು ಇಪ್ಪತ್ತು ವರ್ಷ ಸಂಸಾರ ಮಾಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೊಂದು ತೊಡಕೂ ಸೇರಿಕೊಳ್ಳುತ್ತದೆ. ಯಾವ ಬ್ಯಾಂಕು ಅಗ್ಗ ಎಂದು ನೋಡುವ ಮೊದಲು, ನಿಮ್ಮ ಜಾಗದ ಕಾಗದ ನೋಡಿ ಯಾವ ಬ್ಯಾಂಕು ಸಾಲ ಕೊಟ್ಟೀತು ಎಂದು ತಿಳಿದುಕೊಳ್ಳಬೇಕು. ಎರಡನ್ನೂ ಒಂದೊಂದಾಗಿ ನೋಡೋಣ.

ರೆಪೊ ಮತ್ತು ಅದರ ಮೇಲಿನ ಸ್ಪ್ರೆಡ್

2019ರ ಅಕ್ಟೋಬರ್ 1ರಿಂದ ಈಚೆಗೆ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲದ ಬಡ್ಡಿ ಹೊರಗಿನ ಒಂದು ಮಾನದಂಡಕ್ಕೆ ಕಟ್ಟುಬಿದ್ದಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಟ್ರೆಶರಿ ಬಿಲ್ಲಿನ ದರವನ್ನೂ ಹಿಡಿಯಬಹುದು, ಆದರೆ ಬಹುತೇಕ ಬ್ಯಾಂಕುಗಳು ಹಿಡಿದಿರುವುದು ರೆಪೊ ದರವನ್ನು. ಸ್ಟೇಟ್ ಬ್ಯಾಂಕ್ ತನ್ನ ದರವನ್ನು ಇಬಿಎಲ್‌ಆರ್ ಎನ್ನುತ್ತದೆ, ಕೆನರಾ ಬ್ಯಾಂಕ್ ಆರ್‌ಎಲ್‌ಎಲ್‌ಆರ್ ಎನ್ನುತ್ತದೆ. ಹೆಸರು ಏನೇ ಇರಲಿ, ಅದರೊಳಗೆ ರೆಪೊ ಜೊತೆ ಬ್ಯಾಂಕಿನದೂ ಒಂದು ಪಾಲು ಸೇರಿರುತ್ತದೆ. ಆಮೇಲೆ ನಿಮ್ಮ ಸಿಬಿಲ್ ಅಂಕ (ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದಕ್ಕೆ ಕೊಡುವ ಅಂಕ), ಸಾಲದ ಮೊತ್ತ, ಸಂಬಳದ ಆದಾಯವೋ ಸ್ವಂತ ವ್ಯವಹಾರವೋ ಎಂಬುದನ್ನು ನೋಡಿ ಇನ್ನಷ್ಟು ಕೂಡಿಸುತ್ತಾರೆ, ಕೆಲವೊಮ್ಮೆ ಕಳೆಯುತ್ತಾರೆ. ಹಾಗಾಗಿ ಎರಡು ಬ್ಯಾಂಕುಗಳ ಇಬಿಎಲ್‌ಆರ್ ಅಕ್ಕಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ. ನಿಮಗೆ ಹೇಳಿದ ಕೊನೆಯ ದರದಿಂದ ಅಂದಿನ ರೆಪೊ ಕಳೆಯಿರಿ. ಉಳಿಯುವುದೇ ನಿಮ್ಮ ಸ್ಪ್ರೆಡ್. 2025ರ ಡಿಸೆಂಬರ್ 5ರಂದು ರೆಪೊ ಶೇ 5.25ಕ್ಕೆ ಇಳಿಯಿತು. ಆ ರೆಪೊ ಇರುವಾಗ ಶೇ 7.65ಕ್ಕೆ ಸಾಲ ಸಿಕ್ಕಿದರೆ ಸ್ಪ್ರೆಡ್ 2.40.

ರೆಪೊ ನಿಮ್ಮ ಕೈಯಲ್ಲೂ ಇಲ್ಲ, ಬ್ಯಾಂಕಿನ ಕೈಯಲ್ಲೂ ಇಲ್ಲ. 2020ರ ಮೇ ತಿಂಗಳಲ್ಲಿ ಶೇ 4ಕ್ಕೆ ಇಳಿದಿತ್ತು, 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ಶೇ 6.50ಕ್ಕೆ ಏರಿತು, 2025ರಲ್ಲಿ ನಾಲ್ಕು ಸಲ ಇಳಿದು 5.25ಕ್ಕೆ ಬಂತು. ಆರು ವರ್ಷದೊಳಗೆ ಎರಡೂವರೆ ಅಂಶ ಮೇಲೆ, ಒಂದೂಕಾಲು ಅಂಶ ಕೆಳಗೆ. ಇನ್ನು ಇಪ್ಪತ್ತು ವರ್ಷದಲ್ಲಿ ಇದು ಎಷ್ಟು ಸಲ ಹತ್ತಿಳಿಯುತ್ತದೋ ಹೇಳುವವರಿಲ್ಲ. ಆದರೆ ರೆಪೊಗೆ ಜೋಡಿಸಿದ ಸಾಲಗಳೆಲ್ಲ ಅದರೊಂದಿಗೆ ಒಟ್ಟಿಗೇ ಏರಿಳಿಯುತ್ತವೆ. ನಿಮಗೂ ನೆರೆಮನೆಯವರಿಗೂ ಕೊನೆಗೆ ಉಳಿಯುವ ವ್ಯತ್ಯಾಸ ಸ್ಪ್ರೆಡ್ ಒಂದೇ.

ಈ ಸ್ಪ್ರೆಡ್ಡನ್ನು ಬ್ಯಾಂಕು ಮನಸ್ಸು ಬಂದಂತೆ ಏರಿಸುವಂತಿಲ್ಲ. ನಿಮ್ಮ ಸಾಲ ತೀರಿಸುವ ಶಕ್ತಿಯ ಬಗೆಗಿನ ಅಂದಾಜಿನಲ್ಲಿ ದೊಡ್ಡ ಬದಲಾವಣೆ ಆದರೆ ಮಾತ್ರ, ಅಂದರೆ ಕಂತು ತಪ್ಪಿ ಅಂಕ ಕುಸಿದರೆ, ಅಪಾಯದ ಪಾಲನ್ನು ಹೆಚ್ಚಿಸಬಹುದು. ಬ್ಯಾಂಕಿನ ಖರ್ಚು ಮೊದಲಾದ ಉಳಿದ ಪಾಲನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬಹುದು. 2025ರ ಅಕ್ಟೋಬರ್ 1ರಿಂದ, ಗ್ರಾಹಕರನ್ನು ಉಳಿಸಿಕೊಳ್ಳಲು ಈ ಪಾಲನ್ನು ಮೂರು ವರ್ಷಕ್ಕೆ ಕಾಯದೆ ಇಳಿಸಲೂ ಬ್ಯಾಂಕುಗಳಿಗೆ ಅವಕಾಶ ಸಿಕ್ಕಿದೆ. ನಿಮ್ಮ ಸಾಲ ಹಳತಾಗಿ, ಹೊಸಬರಿಗೆ ಅದೇ ಶಾಖೆ ಕಡಿಮೆ ದರ ಕೊಡುತ್ತಿದ್ದರೆ ಹೋಗಿ ಕೇಳಿ. ‘ಮೂರು ವರ್ಷ ಆಗದೆ ಆಗುವುದಿಲ್ಲ’ ಎಂಬ ಉತ್ತರ ಈಗ ನಡೆಯುವುದಿಲ್ಲ. ಇಳಿಸುವುದು ಬಿಡುವುದು ಮಾತ್ರ ಬ್ಯಾಂಕಿನ ಇಷ್ಟ.

ಇನ್ನು ರೀಸೆಟ್. ರೆಪೊ ಬದಲಾದದ್ದು ನಿಮ್ಮ ಸಾಲಕ್ಕೆ ತಗಲುವ ದಿನವನ್ನು ಹೀಗೆನ್ನುತ್ತಾರೆ. ಮೂರು ತಿಂಗಳಿಗೆ ಒಮ್ಮೆಯಾದರೂ ಆಗಬೇಕೆಂಬುದು ನಿಯಮ. ಕೆಲವು ಕಡೆ ಮರುತಿಂಗಳೇ ಆಗುತ್ತದೆ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ: ಇಳಿಯುವಾಗ ತಡವಾಗಿ ಕಳೆದುಕೊಂಡದ್ದನ್ನು ಏರುವಾಗ ತಡವಾಗಿ ಉಳಿಸುತ್ತೀರಿ.

ಎರಡು ಕೊಡುಗೆ, ಒಂದು ಲೆಕ್ಕ

30 ಲಕ್ಷ ರೂಪಾಯಿ, 20 ವರ್ಷ. ಒಂದು ಬ್ಯಾಂಕು ‘ರೆಪೊ ಮೇಲೆ 2.40’ ಎನ್ನುತ್ತದೆ, ರೆಪೊ 5.25 ಇರುವಾಗ ಶೇ 7.65. ಒಂದು ಹೌಸಿಂಗ್ ಫೈನಾನ್ಸ್ ಕಂಪನಿ ಶೇ 7.40 ಎನ್ನುತ್ತದೆ. ಮೊದಲನೆಯದರ ಕಂತು 24,444 ರೂಪಾಯಿ, ಎರಡನೆಯದು 23,985. ತಿಂಗಳಿಗೆ 459 ರೂಪಾಯಿ ಕಡಿಮೆ, ವರ್ಷಕ್ಕೆ ಐದೂವರೆ ಸಾವಿರ. ಎರಡನೆಯದಕ್ಕೆ ಸಹಿ ಹಾಕಲು ಕೈ ತುರಿಸುವುದು ಸಹಜ.

ಆದರೆ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಹೊರಗಿನ ಮಾನದಂಡದ ನಿಯಮ ಅನ್ವಯವಾಗುವುದಿಲ್ಲ. ಅವು ಪಿಎಲ್‌ಆರ್ ಎಂಬ ತಮ್ಮದೇ ಮೂಲ ದರ ಇಟ್ಟುಕೊಂಡು, ಅದರಿಂದ ಇಷ್ಟು ಕಳೆದು ಕೊಡುತ್ತೇವೆ ಎನ್ನುತ್ತವೆ. ಆ ಪಿಎಲ್‌ಆರ್ ಏರಿಸುವುದೂ ಇಳಿಸುವುದೂ ಕಂಪನಿಯ ಕೈಯಲ್ಲಿ. ರೆಪೊ ಕಾಲು ಅಂಶ ಇಳಿದಾಗ ಪಿಎಲ್‌ಆರ್ ಹತ್ತು ಪೈಸೆಯಷ್ಟು ಇಳಿದರೂ ಕೇಳುವಂತಿಲ್ಲ. ಒಂದು ವರ್ಷದ ನಂತರ ಎರಡನೆಯವರ ದರ ಮೊದಲನೆಯವರಿಗಿಂತ ಕಾಲು ಅಂಶ ಮೇಲೆ ಹೋಗಿ ಅಲ್ಲೇ ನಿಂತಿತು ಎಂದುಕೊಳ್ಳಿ. ಆಗ ತಿಂಗಳಿಗೆ ಸುಮಾರು 450 ರೂಪಾಯಿ ಹೆಚ್ಚು, ಉಳಿದ 228 ತಿಂಗಳಿಗೆ ಲಕ್ಷ ದಾಟುತ್ತದೆ. ಮೊದಲ ವರ್ಷ ಉಳಿಸಿದ್ದು ಐದೂವರೆ ಸಾವಿರ.

ಹೌಸಿಂಗ್ ಫೈನಾನ್ಸ್ ಬೇಡವೇ ಬೇಡ ಎಂದಲ್ಲ. ಆದಾಯದ ದಾಖಲೆ ಸರಿಯಾಗಿ ಇಲ್ಲದ ಅಂಗಡಿಕಾರರಿಗೆ, ಗುತ್ತಿಗೆದಾರರಿಗೆ ಬ್ಯಾಂಕು ಬಾಗಿಲು ತೆಗೆಯದಿದ್ದಾಗ ಅವೇ ದಾರಿ. ಅಲ್ಲಿಗೆ ಹೋಗುವವರು ಕಳೆದ ಐದು ವರ್ಷದಲ್ಲಿ ಪಿಎಲ್‌ಆರ್ ಯಾವ ದಿನ ಎಷ್ಟು ಬದಲಾಯಿತು ಎಂಬ ಪಟ್ಟಿಯನ್ನು ಕೇಳಿ ಪಡೆದು, ರೆಪೊ ಬದಲಾದ ದಿನಗಳ ಪಕ್ಕ ಇಟ್ಟು ನೋಡಲಿ. 2022ರಲ್ಲಿ ಎಷ್ಟು ಬೇಗ ಏರಿಸಿದರು, 2025ರಲ್ಲಿ ಎಷ್ಟು ನಿಧಾನ ಇಳಿಸಿದರು ಎಂಬುದರಲ್ಲೇ ಕಂಪನಿಯ ಗುಣ ಕಾಣುತ್ತದೆ.

ಉಳಿದವರ ಬಗ್ಗೆ ಚಿಕ್ಕದಾಗಿ. ಗ್ರಾಮೀಣ ಬ್ಯಾಂಕು ಹೊರಗಿನ ಮಾನದಂಡದ ನಿಯಮದಿಂದ ಹೊರಗೆ. ನಮ್ಮ ಕಡೆಯ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ, ಹಳೆಯ ಸಾಲದವರು ತಮ್ಮ ದರದ ಲೆಕ್ಕವನ್ನು ಹೊಸದಾಗಿ ಕೇಳಿಕೊಳ್ಳುವುದು ಒಳ್ಳೆಯದು. ಸಹಕಾರಿ ಬ್ಯಾಂಕುಗಳೂ ಹೊರಗೇ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಿಗೆ ಒಬ್ಬರಿಗೆ ಕೊಡಬಹುದಾದ ಗೃಹಸಾಲದ ಮಿತಿಯನ್ನು 2022ರ ಜೂನ್‌ನಲ್ಲಿ ಏರಿಸಿದರು: ಬ್ಯಾಂಕಿನ ನಿವ್ವಳ ಸಂಪತ್ತು 100 ಕೋಟಿಗಿಂತ ಕಡಿಮೆ ಇದ್ದರೆ 50 ಲಕ್ಷ, ಹೆಚ್ಚಿದ್ದರೆ 75 ಲಕ್ಷ. ಊರಿನ ಪತ್ತಿನ ಸಂಘ, ಸೌಹಾರ್ದ ಸಂಘಗಳು ರಿಸರ್ವ್ ಬ್ಯಾಂಕಿನ ಕಣ್ಣಳತೆಯಲ್ಲೇ ಇಲ್ಲ. ಅಲ್ಲಿ ಬಡ್ಡಿ ಬದಲಿಸುವುದು, ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವುದು ಎಲ್ಲವೂ ಸಂಘದ ಬೈಲಾ ಪ್ರಕಾರ. ಬೈಲಾ ಓದಿ.

ಬ್ಯಾಂಕುಗಳಲ್ಲೂ ಹೌಸಿಂಗ್ ಫೈನಾನ್ಸ್ ಕಂಪನಿಗಳಲ್ಲೂ ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. ಫಿಕ್ಸೆಡ್ ಸಾಲಕ್ಕೆ ಆ ರಕ್ಷಣೆ ಪೂರ್ತಿಯಾಗಿ ಇಲ್ಲ. ಜೊತೆಗೆ ‘ಫಿಕ್ಸೆಡ್’ ಎಂದು ಮಾರುವ ಹಲವು ಸಾಲ ಎರಡು, ಮೂರು ಅಥವಾ ಐದು ವರ್ಷಕ್ಕೆ ಮಾತ್ರ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್. ಅಡಿಕೆ ಮಾರಿದಾಗೆಲ್ಲ ಅಸಲಿಗೆ ಕಟ್ಟುವ ಮನಸ್ಸಿರುವವರು ಅದರ ಗೋಜಿಗೆ ಹೋಗದಿರುವುದೇ ಲೇಸು.

ಬಡ್ಡಿ ಏರಿದಾಗ ಅವಧಿ ಏನಾಗುತ್ತದೆ

ಬಡ್ಡಿ ಏರಿದರೆ ಕಂತು ಮುಟ್ಟದೆ ಅವಧಿ ಉದ್ದ ಮಾಡುವುದು ಬ್ಯಾಂಕುಗಳ ರೂಢಿ. ಗ್ರಾಹಕರಿಗೂ ನೋವಿಲ್ಲ, ತಿಂಗಳು ಅಷ್ಟೇ ಹಣ ಹೋಗುತ್ತದೆ. ಒಳಗೆ ಏನಾಗುತ್ತದೆ ನೋಡಿ.

ರೆಪೊ ಶೇ 4 ಇದ್ದಾಗ ಶೇ 7ಕ್ಕೆ 30 ಲಕ್ಷ ಸಾಲ, 20 ವರ್ಷ, ಕಂತು 23,259. ಒಂದು ವರ್ಷ ಕಟ್ಟಿದ ಮೇಲೆ ಅಸಲು 29,28,631 ಉಳಿಯುತ್ತದೆ. ಆಗ ರೆಪೊ ಎರಡೂವರೆ ಅಂಶ ಏರಿ ದರ ಶೇ 9.50 ಆಯಿತು. ಆ ಅಸಲಿನ ಮೇಲೆ ಒಂದು ತಿಂಗಳ ಬಡ್ಡಿಯೇ 23,185 ರೂಪಾಯಿ. ಕಂತು ಹಾಗೇ ಇಟ್ಟರೆ ಅಸಲಿಗೆ ಸೇರುವುದು 74 ರೂಪಾಯಿ. ಇದೇ ಲೆಕ್ಕದಲ್ಲಿ ಸಾಲ ತೀರಲು ಅರವತ್ತು ವರ್ಷ ಬೇಕು. ನಿಜದಲ್ಲಿ ದರ ಒಂದೇ ದಿನ ಇಷ್ಟು ಏರಲಿಲ್ಲ, ಒಂಬತ್ತು ತಿಂಗಳಲ್ಲಿ ಆರು ಸಲ ಏರಿತು. ಆದರೂ ಸಾಲಗಾರರ ಪಾಡು ಹೆಚ್ಚುಕಮ್ಮಿ ಇದೇ ಆಯಿತು.

ಇದಾದ ಮೇಲೆ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಹೊಸ ಸೂಚನೆ ಹೊರಡಿಸಿತು. ದರ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಸ್ವಲ್ಪಸ್ವಲ್ಪವೋ ಎಂದು ಗ್ರಾಹಕರನ್ನು ಕೇಳಬೇಕು. ಕಂತು ಬಡ್ಡಿಗೂ ಸಾಲದೆ ಅಸಲು ಬೆಳೆಯುವಂತೆ ಬಿಡಬಾರದು. ಮೂರು ತಿಂಗಳಿಗೊಮ್ಮೆ ಕೊಡುವ ವಿವರಪಟ್ಟಿಯಲ್ಲಿ ಇದುವರೆಗೆ ಕಟ್ಟಿದ ಅಸಲು, ಬಡ್ಡಿ, ಈಗಿನ ಕಂತು, ಬಾಕಿ ಇರುವ ಕಂತುಗಳ ಸಂಖ್ಯೆ, ವಾರ್ಷಿಕ ದರ ಇರಬೇಕು. ಆ ಪಟ್ಟಿ ಬಂದಾಗ ಮೊದಲು ನೋಡಬೇಕಾದದ್ದು ಬಾಕಿ ಕಂತುಗಳ ಸಂಖ್ಯೆ. ಮೂರು ತಿಂಗಳಲ್ಲಿ ಅದು ಮೂರು ಇಳಿದಿರಬೇಕು. ಇಳಿಯುವ ಬದಲು ಏರಿದ್ದರೆ ನಿಮ್ಮನ್ನು ಕೇಳದೆ ಅವಧಿ ಎಳೆದಿದ್ದಾರೆ ಎಂದೇ ಅರ್ಥ. ಶಾಖೆಗೆ ಹೋಗಿ ‘ಕಂತು ಏರಿಸಿ, ಅವಧಿ ಮೊದಲಿನಷ್ಟೇ ಇರಲಿ’ ಎಂದು ಲಿಖಿತವಾಗಿ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ದರ ಇಳಿದಾಗ ಇದರ ಉಲ್ಟಾ ಕೆಲಸ ಮಾಡಬೇಕು. ಹೊಸದಾಗಿ ತೆಗೆದ ಸಾಲ ಎಂದುಕೊಂಡು ಲೆಕ್ಕ ಹಾಕೋಣ: ಶೇ 8.50ರಲ್ಲಿ 30 ಲಕ್ಷಕ್ಕೆ ಕಂತು 26,035. ದರ 7.50ಕ್ಕೆ ಇಳಿದರೆ ಕಂತು 24,168 ಸಾಕು. ಆದರೆ 26,035ನ್ನೇ ಕಟ್ಟುತ್ತ ಹೋದರೆ 240 ಕಂತಿನ ಬದಲು ಸುಮಾರು 204ಕ್ಕೆ ಸಾಲ ಮುಗಿಯುತ್ತದೆ, ಒಟ್ಟು 4.7 ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಸಾಲ ಹುಡುಕುವಾಗ ಅರ್ಧ ಅಂಶಕ್ಕೆ ನಾಲ್ಕು ಬ್ಯಾಂಕು ತಿರುಗುವವರು, ದರ ಇಳಿದಾಗ ಬರುವ ಈ ಲಾಭವನ್ನು ಕಂತು ಇಳಿಸಿಕೊಂಡು ಕೈಬಿಡುತ್ತಾರೆ. ಕಂತು ಹಾಗೇ ಇರಿಸಲು ಕೇಳಿಕೊಳ್ಳಬೇಕಾದವರು ನೀವೇ, ಕೆಲವು ಬ್ಯಾಂಕುಗಳಲ್ಲಿ ದರ ಇಳಿದ ಕೂಡಲೇ ಕಂತು ತಾನಾಗಿ ಇಳಿಯುತ್ತದೆ.

ಅಡಿಕೆ ಹಣ, ಮೀನಿನ ಹಣ

ಕೈಗಾದಲ್ಲೋ ಸೀಬರ್ಡ್ ನೌಕಾನೆಲೆಯಲ್ಲೋ ಸಂಬಳ ಇರುವವರಿಗೆ ಮಾಮೂಲಿ ಇಎಂಐ ಸಾಲ ಸಾಕು. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ಸ್ಪ್ರೆಡ್ ತುಸು ಕಡಿಮೆ ಸಿಗಬಹುದು, ಕೇಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಕತೆ ಬೇರೆ. ಕೊಯ್ಲು ಮುಗಿದು ಅಡಿಕೆ ಸೊಸೈಟಿಯ ವಖಾರಿಗೆ ಹೋಗಿ ಟೆಂಡರ್ ಆದಾಗ ಒಮ್ಮೆಲೇ ಹಣ ಬರುತ್ತದೆ, ಮಳೆಗಾಲದಲ್ಲಿ ಕೊಳೆ ಔಷಧಿಗೂ ಆಳಿನ ಕೂಲಿಗೂ ಹೋಗುತ್ತದೆ. ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ, ಆ ಎರಡು ಕಂತಿಗೆ ಹಣ ಮೊದಲೇ ತೆಗೆದಿಡಬೇಕು.

ಇಂಥವರು ನೋಡಬೇಕಾದದ್ದು ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ. ಸಾಲದ ಖಾತೆಯೇ ಉಳಿತಾಯ ಖಾತೆಯ ಹಾಗೆ ಕೆಲಸ ಮಾಡುತ್ತದೆ. ಕಂತಿನ ಆಚೆಗೆ ಹಾಕಿದ ಹಣ ಅಲ್ಲಿರುವಷ್ಟು ದಿನ ಅದರ ಮೇಲಿನ ಬಡ್ಡಿ ನಿಲ್ಲುತ್ತದೆ, ಬೇಕಾದಾಗ ತೆಗೆಯಬಹುದು. ಶೇ 8ರ ಸಾಲದಲ್ಲಿ ಐದು ಲಕ್ಷ ಆರು ತಿಂಗಳು ಇಟ್ಟರೆ 20,000 ರೂಪಾಯಿ ಬಡ್ಡಿ ಉಳಿಯಿತು. ಈ ಮಾದರಿಗೆ ಸಾಮಾನ್ಯವಾಗಿ ದರ ಸ್ವಲ್ಪ ಹೆಚ್ಚು. ಕಾಲು ಅಂಶ ಹೆಚ್ಚು ಎಂದು ಹಿಡಿದರೆ 30 ಲಕ್ಷಕ್ಕೆ ವರ್ಷಕ್ಕೆ 7,500. ವರ್ಷದುದ್ದಕ್ಕೂ ಸರಾಸರಿ ಒಂದು ಲಕ್ಷದಷ್ಟು ಹಣ ಅಲ್ಲಿ ನಿಲ್ಲುವುದಾದರೆ ಸರಿಹೋಗುತ್ತದೆ. ಅದಕ್ಕಿಂತ ಕಡಿಮೆ ನಿಲ್ಲಿಸುವವರಿಗೆ ಮಾಮೂಲಿ ಸಾಲವೇ ಅಗ್ಗ. ಕೈಗೆ ಸಿಗುವ ಹಣ ಖರ್ಚಾಗಿ ಹೋಗುವ ಮನೆಯಾದರೂ ಮಾಮೂಲಿ ಸಾಲವೇ ಸರಿ, ಅಸಲಿಗೆ ಒಮ್ಮೆ ಕಟ್ಟಿದ ಹಣ ವಾಪಸು ಬರುವುದಿಲ್ಲ.

ಅದರಲ್ಲೂ ದಾರಿಯಿದೆ. ಶೇ 8ರ 30 ಲಕ್ಷದ ಸಾಲಕ್ಕೆ 25,093ರ ಕಂತು ಕಟ್ಟುತ್ತ, ಪ್ರತಿ ವರ್ಷ ಅಡಿಕೆ ಮಾರಿದ ಮೇಲೆ 50,000 ಅಸಲಿಗೆ ಹಾಕಿದರೆ 20 ವರ್ಷದ ಸಾಲ ಹದಿನಾಲ್ಕೂವರೆ ವರ್ಷಕ್ಕೆ ಮುಗಿಯುತ್ತದೆ. ಹಾಕುವಾಗ ‘ಅಸಲಿಗೆ ಜಮಾ, ಅವಧಿ ಕಡಿತ’ ಎಂದು ಚೀಟಿ ಕೊಡಿ. ಸುಮ್ಮನೆ ಖಾತೆಗೆ ತುಂಬಿದ ಹಣವನ್ನು ಮುಂದಿನ ಎರಡು ಕಂತು ಎಂದು ಹಿಡಿದುಕೊಳ್ಳುವುದುಂಟು.

ಭಟ್ಕಳ, ಮುರ್ಡೇಶ್ವರ ಕಡೆ ಗಲ್ಫ್ ಆದಾಯದವರು ಸಾಮಾನ್ಯವಾಗಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ (ಅನಿವಾಸಿಗಳ) ಖಾತೆಯಿಂದ ಕಂತು ಕಟ್ಟುತ್ತಾರೆ. ಊರಲ್ಲಿ ಸಹಿ ಮಾಡುವವರಿಗೆ ಮುಖತ್ಯಾರ ಪತ್ರ ಬೇಕು. ಅದರ ಕರಡನ್ನು ಬ್ಯಾಂಕಿನಿಂದಲೇ ಪಡೆದು ಬರೆಸಿ, ನೀವೇ ಬರೆಸಿಕೊಂಡು ಹೋದದ್ದು ತಿರುಗಿ ಬರುವುದೇ ಹೆಚ್ಚು.

ಕಾಗದ ಸರಿಯಿದ್ದರೆ ಬಡ್ಡಿಯೂ ಕಡಿಮೆ

ಜಿಲ್ಲೆಯ ಬಹುಪಾಲು ಅರಣ್ಯ. ಮನೆ ನಿಂತ ಜಾಗ ಮಾಲ್ಕಿಯೋ ಅಲ್ಲವೋ ಎಂಬುದರ ಮೇಲೆ ಬಡ್ಡಿಯೇ ತೀರ್ಮಾನವಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಅರಣ್ಯ) ತೋಟಿಗರಿಗಿರುವುದು ಬಳಕೆಯ ಹಕ್ಕು, ಅಲ್ಲಿ ಕಟ್ಟಿದ ಮನೆಗೆ ಗೃಹಸಾಲ ಹುಟ್ಟುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕಿದ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತದೆ, ಆದರೆ ಪರಭಾರೆ ಮಾಡುವಂತಿಲ್ಲ. ಬ್ಯಾಂಕು ಅದನ್ನು ಅಡವಿಟ್ಟುಕೊಳ್ಳುವುದಿಲ್ಲ.

ಮಾಲ್ಕಿ ಜಮೀನಾದರೆ ಪಹಣಿ ಹಿಡಿದು ಕುಳಿತುಕೊಳ್ಳಿ. 9ನೇ ಕಾಲಂನಲ್ಲಿ ಯಾರ ಯಾರ ಹೆಸರಿದೆ? ಅಜ್ಜನ ಕಾಲದ ತೋಟದಲ್ಲಿ ಏಳು ಜನರ ಹೆಸರು ಜಂಟಿಯಾಗಿ ಇದ್ದರೆ ಏಳೂ ಜನ ಬ್ಯಾಂಕಿಗೆ ಬಂದು ಸಹಿ ಹಾಕಬೇಕು, ಅಥವಾ ಮೊದಲು ಹಿಸ್ಸೆ ಮಾಡಿಸಬೇಕು. 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ (ಸಾಲದ ಹೊರೆಯ ನಮೂದು) ಇದೆಯೇ? ಇಡೀ ಸರ್ವೆ ನಂಬರಿನ ಮೇಲೆ ಬೋಜಾ ಇದ್ದರೆ, ಅದರಲ್ಲಿ ಐದು ಗುಂಟೆ ಎನ್‌ಎ (ಕೃಷಿಯೇತರ) ಮಾಡಿಸಿ ಮನೆ ಕಟ್ಟುವವರಿಗೂ ಆ ಬೋಜಾ ಅಡ್ಡ ಬರುತ್ತದೆ. 11ಇ ನಕ್ಷೆ (ಜಮೀನು ಭಾಗ ಮಾಡಲು ಬೇಕಾದ ಸರ್ವೆ ನಕ್ಷೆ) ಮಾಡಿಸಿ, ಆ ಐದು ಗುಂಟೆ ಬೇರೆ ಹಿಸ್ಸಾ ಆಗಿ, ಅದರ ಮೇಲಿನ ಬೋಜಾ ಕಡಿಮೆಯಾಗಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಬ್ಯಾಂಕು ಕೇಳುವುದು ಇ-ಸ್ವತ್ತಿನ ನಮೂನೆ 9 ಮತ್ತು 11ಎ. ನಮೂನೆ 11ಬಿ ಇದ್ದರೆ ಹೆಚ್ಚಿನ ಬ್ಯಾಂಕುಗಳು ಫೈಲನ್ನು ಅಲ್ಲೇ ಮುಚ್ಚುತ್ತವೆ. ಗೇಣಿ ಜಮೀನಾಗಿ ಬಂದದ್ದಾದರೆ ಅಧಿಭೋಗದಾರಿಕೆಯ ಪ್ರಮಾಣಪತ್ರದ ಪ್ರತಿ ಹುಡುಕಿಟ್ಟುಕೊಳ್ಳಿ. 15 ವರ್ಷ ಮಾರುವಂತಿಲ್ಲ ಎಂಬ ಷರತ್ತಿನೊಳಗೆ ಯಾರಾದರೂ ಮಾರಿದ್ದರೆ ವಕೀಲರ ಅಭಿಪ್ರಾಯದಲ್ಲಿ ಅದು ಎದ್ದು ಬರುತ್ತದೆ.

ಕರಾವಳಿಯಲ್ಲಿ ಇದರ ಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಸಮುದ್ರದಂಡೆ ಮಾತ್ರ ಎಂದುಕೊಂಡವರು ಮೋಸ ಹೋಗುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳಲ್ಲಿ ಉಪ್ಪುನೀರು ಏರುವಷ್ಟು ದೂರ, ಕೋಡಿಗಳ ಬದಿಗೂ ಅದು ಬರುತ್ತದೆ. ಜಾಗ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕ ಇದ್ದರೆ ಅರ್ಜಿ ಹಾಕುವ ಮೊದಲೇ ಸಿಆರ್‌ಝಡ್ ನಕ್ಷೆಯಲ್ಲಿ ಸರ್ವೆ ನಂಬರು ಎಲ್ಲಿ ಬೀಳುತ್ತದೆ ನೋಡಿಸಿ. ಪ್ರೊಸೆಸಿಂಗ್ ಫೀ ಕಟ್ಟಿದ ಮೇಲೆ ಗೊತ್ತಾದರೆ ಅದು ತಿರುಗಿ ಬರುವುದು ಕಷ್ಟ. ಹೆದ್ದಾರಿ 66ರ ಬದಿಯ ಜಾಗಕ್ಕೆ ಅಗಲೀಕರಣದಲ್ಲಿ ಎಷ್ಟು ಹೋಗಿದೆ, ಉಳಿದದ್ದರ ಕ್ಷೇತ್ರ ಪಹಣಿಯಲ್ಲಿ ತಿದ್ದುಪಡಿ ಆಗಿದೆಯೇ ಎಂಬುದೂ ಅಷ್ಟೇ ಮುಖ್ಯ.

ಕಾಗದ ಕೊಂಚ ಕೆಟ್ಟಿದೆ, ಬ್ಯಾಂಕು ಒಲ್ಲೆ ಎಂದಿತು, ಸಂಘವೊಂದು ಒಪ್ಪಿತು ಎಂದುಕೊಳ್ಳಿ. 20 ಲಕ್ಷ, 15 ವರ್ಷ. ಶೇ 8ಕ್ಕೆ ಕಂತು 19,113, ಶೇ 10ಕ್ಕೆ 21,492. ತಿಂಗಳಿಗೆ 2,379, ಹದಿನೈದು ವರ್ಷಕ್ಕೆ 4.28 ಲಕ್ಷ. ಸರ್ವೆ, ಹಿಸ್ಸೆ, ಎನ್‌ಎ, ವಕೀಲರು ಎಲ್ಲ ಸೇರಿ ಲಕ್ಷ ಖರ್ಚಾಗಿ ವರ್ಷ ತಡವಾದರೂ ಕಾಗದ ಸರಿಮಾಡಿಸಿಕೊಂಡು ಬ್ಯಾಂಕಿಗೆ ಹೋಗುವುದೇ ಲಾಭ. ಮನೆ ಕಟ್ಟುವ ಆತುರದಲ್ಲಿ ಈ ಲೆಕ್ಕ ಯಾರೂ ಹಾಕುವುದಿಲ್ಲ.

ದರದ ಹೊರಗಿನ ಖರ್ಚು

2024ರ ಅಕ್ಟೋಬರ್ 1ರಿಂದ ಪ್ರತಿ ಗೃಹಸಾಲಕ್ಕೂ ಕೆಎಫ್‌ಎಸ್ ಎಂಬ ಮುಖ್ಯಾಂಶ ಪತ್ರ ಕೊಡಬೇಕು. ಅದರಲ್ಲಿ ಎಪಿಆರ್ ಎಂಬ ಅಂಕಿ ಇರುತ್ತದೆ: ಬಡ್ಡಿ, ಪ್ರೊಸೆಸಿಂಗ್ ಫೀ, ವಕೀಲರ ಶುಲ್ಕ, ಮೌಲ್ಯಮಾಪನ, ವಿಮೆ ಎಲ್ಲ ಸೇರಿ ನಿಜವಾಗಿ ಬೀಳುವ ವಾರ್ಷಿಕ ದರ. ಪತ್ರ ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರುತ್ತದೆ. ಎರಡು ಬ್ಯಾಂಕಿನಿಂದ ಒಂದೇ ವಾರದಲ್ಲಿ ತರಿಸಿಕೊಂಡು ಎಪಿಆರ್ ಜೋಡಿಸಿ ನೋಡಿ. ಪತ್ರದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಹೆಚ್ಚು ಜನ ಎಡವುವುದು ವಿಮೆಯಲ್ಲಿ. 30 ಲಕ್ಷದ ಸಾಲಕ್ಕೆ ಒಂದೇ ಕಂತಿನ ವಿಮೆ 1.20 ಲಕ್ಷ ಎಂದು ಹೇಳಿ, ಅದನ್ನೂ ಸಾಲಕ್ಕೇ ಸೇರಿಸುತ್ತಾರೆ. ಶೇ 8ರಲ್ಲಿ ಇದಕ್ಕೆ ತಿಂಗಳಿಗೆ 1,004 ರೂಪಾಯಿ ಹೆಚ್ಚು, 20 ವರ್ಷಕ್ಕೆ 2.41 ಲಕ್ಷ. ಸಾಲ ಇರುವವರಿಗೆ ವಿಮೆ ಬೇಕು, ಅದು ನಿಜ. ಆದರೆ ಇದೇ ಕೌಂಟರಿನಲ್ಲಿ ಕೊಳ್ಳಬೇಕೆಂಬ ಕಟ್ಟಳೆ ಇಲ್ಲ. ಹೊರಗೆ ಟರ್ಮ್ ಪಾಲಿಸಿ ತೆಗೆದು ತೋರಿಸಿ. ‘ವಿಮೆ ತೆಗೆದರೆ ದರ ಸ್ವಲ್ಪ ಇಳಿಸುತ್ತೇವೆ’ ಎಂದರೆ ಎರಡೂ ರೀತಿಯ ಕೆಎಫ್‌ಎಸ್ ಕೇಳಿ, ಎಪಿಆರ್ ನೋಡಿ ತೀರ್ಮಾನಿಸಿ.

ಕೈಯಿಂದ ಹಾಕಬೇಕಾದ ಹಣದ ಲೆಕ್ಕ ಹೀಗೆ: 30 ಲಕ್ಷದವರೆಗಿನ ಸಾಲ ಆಸ್ತಿ ಬೆಲೆಯ ಶೇ 90 ದಾಟುವಂತಿಲ್ಲ, 30ರಿಂದ 75 ಲಕ್ಷದ ಸಾಲ ಶೇ 80, ಅದರ ಮೇಲೆ ಶೇ 75. ನೋಂದಣಿ ಖರ್ಚು ಸಾಮಾನ್ಯವಾಗಿ ಈ ಬೆಲೆಯಲ್ಲಿ ಸೇರುವುದಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 2. ಶೇ 5ರ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಶೇ ಏಳೂವರೆ ದಾಟುತ್ತದೆ. 40 ಲಕ್ಷದ ಮನೆಗೆ 32 ಲಕ್ಷ ಸಾಲ ಸಿಕ್ಕಿದರೆ ಕೈಯಿಂದ ಎಂಟು ಲಕ್ಷದ ಜೊತೆಗೆ ಇನ್ನೂ ಮೂರು ಲಕ್ಷ ಬೇಕು. ವರ್ಷಕ್ಕೆ 9 ಲಕ್ಷದೊಳಗೆ ಆದಾಯ ಇದ್ದು, ಪಟ್ಟಣ ವ್ಯಾಪ್ತಿಯಲ್ಲಿ 35 ಲಕ್ಷದೊಳಗಿನ ಮೊದಲ ಮನೆ, ಸಾಲ 25 ಲಕ್ಷದೊಳಗೆ ಇದ್ದರೆ ಪ್ರಧಾನಮಂತ್ರಿ ಆವಾಸ್ ನಗರ 2.0ರ ಬಡ್ಡಿ ಸಹಾಯಧನ ಕೇಳಿ. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ಇನ್ನು ‘ತೆರಿಗೆ ಉಳಿಯುತ್ತದೆ, ಸಾಲ ಇರಲಿ’ ಎನ್ನುವವರ ಮಾತು ಹಳೆಯ ತೆರಿಗೆ ಪದ್ಧತಿಯದು. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತ ಇಲ್ಲ.

ಮಳೆಗಾಲಕ್ಕೆ ಮುಂಚಿನ ಕಂತು

ಮನೆ ಕಟ್ಟುವ ಸಾಲ ಹಂತ ಹಂತವಾಗಿ ಬರುತ್ತದೆ: ಪಾಯ, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್. ಪಡೆದ ಹಣಕ್ಕೆ ಮಾತ್ರ ಬಡ್ಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮೇ ಕೊನೆಯಲ್ಲಿ ಮುಂದಿನ ಹಂತದ ಹಣ ತೆಗೆದು ಚಿರೆಕಲ್ಲು ಇಳಿಸಿಕೊಂಡು ಕುಳಿತರೆ, 12 ಲಕ್ಷಕ್ಕೆ ಶೇ 8ರಂತೆ ತಿಂಗಳಿಗೆ 8,000 ರೂಪಾಯಿ ಬಡ್ಡಿ, ನಾಲ್ಕು ತಿಂಗಳಿಗೆ 32,000. ಗೋಡೆ ಒಂದಡಿಯೂ ಏರಿರುವುದಿಲ್ಲ. ಮಂಜೂರಾತಿಯನ್ನು ಸೆಪ್ಟೆಂಬರ್‌ನಲ್ಲಿ ಮಾಡಿಸಿಕೊಂಡು, ಮೊದಲ ಹಣವನ್ನು ಅಕ್ಟೋಬರ್ ಕೊನೆಗೆ ತೆಗೆದು, ಏಪ್ರಿಲ್‌ನೊಳಗೆ ಸ್ಲ್ಯಾಬ್ ಮುಗಿಸುವಂತೆ ಮೇಸ್ತ್ರಿಯ ಜೊತೆ ಮಾತಾಡಿಕೊಳ್ಳಿ. ಸಾಲದ ಹಣ ನಿಮ್ಮ ಕೈಸೇರಿದ ದಿನದಿಂದ ಬಡ್ಡಿ ಶುರುವಾಗಬೇಕು. ಮಂಜೂರಾದ ದಿನದಿಂದಲೋ, ಚೆಕ್ಕಿನ ಮೇಲಿನ ತಾರೀಖಿನಿಂದಲೋ ಹಿಡಿಯುವುದು ತಪ್ಪು ಎಂದು 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕು ಹೇಳಿದೆ. ಮೊದಲ ವಿವರಪಟ್ಟಿಯಲ್ಲಿ ಈ ತಾರೀಖನ್ನೇ ನೋಡಿ.

ಬ್ಯಾಂಕು ಬದಲಿಸುವುದು, ಸಾಲ ಮುಗಿಸುವುದು

25 ಲಕ್ಷ ಬಾಕಿ, 15 ವರ್ಷ ಉಳಿದಿದೆ, ನಿಮ್ಮದು ಶೇ 8.50, ಬೇರೆಡೆ ಶೇ 8. ಕಂತು 24,618ರಿಂದ 23,891ಕ್ಕೆ ಇಳಿಯುತ್ತದೆ, ತಿಂಗಳಿಗೆ 727. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ಅದಕ್ಕೆ ಶೇ 18 ಜಿಎಸ್‌ಟಿ, ವಕೀಲರು, ಮೌಲ್ಯಮಾಪನ, ಅಡಮಾನ ಪತ್ರದ ಮುದ್ರಾಂಕ ಸೇರಿ 28,000 ಆದರೆ ಮೂರು ವರ್ಷ ಎರಡು ತಿಂಗಳಲ್ಲಿ ಗಿಟ್ಟುತ್ತದೆ. ಉಳಿದ ಅವಧಿ ನಾಲ್ಕೈದು ವರ್ಷ ಮಾತ್ರ ಆದರೆ ಗಿಟ್ಟುವುದಿಲ್ಲ, ಆ ಹೊತ್ತಿಗೆ ಕಂತಿನಲ್ಲಿ ಬಡ್ಡಿಯ ಪಾಲೇ ಕಡಿಮೆಯಾಗಿರುತ್ತದೆ. ಹೊಸ ಮಂಜೂರಾತಿ ಪತ್ರವನ್ನು ಮೊದಲು ಈಗಿನ ಶಾಖೆಗೇ ತೋರಿಸಿ. ಒಂದು ಸಣ್ಣ ಕನ್ವರ್ಷನ್ ಶುಲ್ಕಕ್ಕೆ ಸ್ಪ್ರೆಡ್ ಇಳಿಸಿದರೆ ತಿರುಗಾಟ ತಪ್ಪಿತು. 2019ಕ್ಕೆ ಮುಂಚಿನ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ (ಬ್ಯಾಂಕು ತಾನೇ ಲೆಕ್ಕ ಹಾಕುವ ದರ) ಸಾಲ ಇನ್ನೂ ಉಳಿದಿದ್ದರೆ, ಆಡಳಿತ ಮತ್ತು ಕಾನೂನು ಖರ್ಚು ಬಿಟ್ಟು ಬೇರೆ ಶುಲ್ಕ ಇಲ್ಲದೆ ರೆಪೊಗೆ ಬದಲಿಸಿಕೊಡಬೇಕು. ಆದರೆ ಬದಲಿಸುವ ಮೊದಲು ಹೊಸ ಸ್ಪ್ರೆಡ್ ಎಷ್ಟೆಂದು ಬರೆಸಿಕೊಳ್ಳಿ.

ಕೊನೆಯ ಕಂತು ಕಟ್ಟಿದ 30 ದಿನದೊಳಗೆ ಮೂಲ ಕಾಗದಪತ್ರ ವಾಪಸು ಬರಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಸಾಲ ಕೊಡುವಾಗ ಪಡೆದ ಕಾಗದಗಳ ಪಟ್ಟಿಗೆ ಅಂದೇ ಬ್ಯಾಂಕಿನ ಸಹಿ ಹಾಕಿಸಿಟ್ಟುಕೊಂಡಿದ್ದರೆ ಮಾತ್ರ ಯಾವುದು ಕಳೆದಿದೆ ಎಂದು ತೋರಿಸಲು ಆಗುತ್ತದೆ. ಕಾಗದ ಬಂತೆಂದು ಅಲ್ಲಿಗೇ ಬಿಡಬೇಡಿ. ಬ್ಯಾಂಕಿನ ತೀರುವಳಿ ಪತ್ರ ಹಿಡಿದು ಉಪನೋಂದಣಿ ಕಚೇರಿಯಲ್ಲಿ ಅಡಮಾನ ರದ್ದತಿ ನೋಂದಾಯಿಸಿ, ಪಹಣಿಯ ಮೇಲೆ ಬೋಜಾ ಏರಿಸಿದ್ದರೆ ಅದನ್ನೂ ಇಳಿಸಲು ಅರ್ಜಿ ಕೊಡಿ, ಒಂದು ತಿಂಗಳ ನಂತರ ಹೊಸ ಇಸಿ (ಋಣಭಾರ ಪತ್ರ) ಮತ್ತು ಪಹಣಿ ತೆಗೆಸಿ 11ನೇ ಕಾಲಂ ಖಾಲಿ ಇದೆಯೇ ನೋಡಿ.